ಒಂದರ ನಂತರ ಹತ್ತು ಏಕೆ?

ಮೆಮೊರಿ ಕಾರ್ಡಿಗೆ ಕುರ್‌ಆನ್ ಪಾರಾಯಣದ 114 ಸೂರಾಗಳನ್ನು ಹಾಕಿ, ಫೈಲುಗಳಿಗೆ 1ರಿಂದ 114ರವರೆಗೆ ಹೆಸರು ಕೊಟ್ಟಿದ್ದೇವೆ ಎನ್ನೋಣ. ಹಲವು ಪ್ಲೇಯರ್‌ಗಳು ಅವನ್ನು ತೋರಿಸುವ ಕ್ರಮವೇ ಬೇರೆ: 1, 10, 100, 101... ಅಲ್ ಫಾತಿಹಾ ಮುಗಿದೊಡನೆ ಯೂನುಸ್ ಬರುತ್ತದೆ. ಎರಡನೆಯ ಸೂರಾ ಅಲ್ ಬಕರಾ 27ನೇ ಸ್ಥಾನಕ್ಕೆ ಹೋಗುತ್ತದೆ. ಹನ್ನೆರಡು ಭಾಗಗಳ ಯಕ್ಷಗಾನ ಪ್ರಸಂಗವಾದರೆ ಮೊದಲ ಭಾಗದ ಬೆನ್ನಿಗೇ ಹತ್ತನೆಯದು!

ಕಾರಣ ಸರಳ. ತಂತ್ರಾಂಶವು ಫೈಲಿನ ಹೆಸರನ್ನು ಸಂಖ್ಯೆಯೆಂದು ಓದುವುದಿಲ್ಲ. ನಿಘಂಟಿನ ಪದಗಳಂತೆ ಎಡದಿಂದ ಒಂದೊಂದೇ ಅಕ್ಷರವನ್ನು ಹೋಲಿಸುತ್ತದೆ. 10ರ ಮೊದಲ ಅಂಕಿ 1. ಅದು 2ಕ್ಕಿಂತ ಚಿಕ್ಕದು. ಆದ್ದರಿಂದ 10 ಮುಂದೆ ಬರುತ್ತದೆ.

ನಾವು ಮಾಡಬಹುದಾದದ್ದು:

1. ಬಿಲ್ ಪುಸ್ತಕದಲ್ಲಿರುವಂತೆ 001, 002, 003 ಎಂದು ಸಮನಾದ ಅಂಕಿಗಳಲ್ಲಿ ಹೆಸರಿಡಿ.
2. ಕೆಲವು ಸರಳ ಪ್ಲೇಯರ್‌ಗಳು ಹೆಸರನ್ನು ನೋಡದೆ, ಕಾಪಿ ಮಾಡಿದ ಕ್ರಮದಲ್ಲೇ ನುಡಿಸುತ್ತವೆ. ಹಾಗಿದ್ದರೆ ಫೋಲ್ಡರ್ ಅಳಿಸಿ, ಫೈಲುಗಳನ್ನು ಒಂದೊಂದಾಗಿ ಕ್ರಮವಾಗಿ ಕಾಪಿ ಮಾಡಿ.

ಆದರೆ ಈ ಹೊರೆ ಕೇಳುಗರ ಮೇಲೆಯೇ ಏಕೆ ಬೀಳಬೇಕು? ಅಂಕಿಗಳನ್ನು ಪೂರ್ಣ ಸಂಖ್ಯೆಯೆಂದು ಓದುವ ಸೌಲಭ್ಯವನ್ನು ತಂತ್ರಾಂಶದಲ್ಲೇ ಇಡಬಹುದು. 2001ರಲ್ಲಿ ಆರಂಭವಾದ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಆಯ್ಕೆ ಇದೆ. ಸಿದ್ದಾಪುರ, ಯಲ್ಲಾಪುರದಿಂದ ಶಿರಸಿಗೆ ಬರುವ ಬಸ್ಸಿನಲ್ಲಿ ಪಾಠ ಕೇಳುವ ವಿದ್ಯಾರ್ಥಿ ಪರದೆ ನೋಡಿ ಸರಿಪಡಿಸಿಕೊಂಡಾನು. ಕಣ್ಣು ಮಂಜಾದ ಹಿರಿಯರಿಗೆ ‘ಮುಂದೆ’ ಗುಂಡಿಯೊಂದೇ ಗತಿ. ಅದನ್ನು ಒತ್ತಿದಾಗ ನಿಜವಾಗಿಯೂ ಮುಂದಿನದೇ ಬರಬೇಕು.