ಮೊದಲು ಹೆಜ್ಜೆ, ಆಮೇಲೆ ಬೆರಳು

ಹೊನ್ನಾಳಿಯಲ್ಲಿ ಪಿಟೀಲು ಕಲಿಯುತ್ತಿರುವ ಮಕ್ಕಳೇ, ರೀಲ್ ಎಂಬ ಐರಿಷ್ ಕುಣಿತದ ಮಟ್ಟು ನುಡಿಸುವ ಆಸೆ ಹುಟ್ಟಿದ್ದರೆ ಪರದೇಶದ್ದೆಂದು ಅಳುಕಬೇಡಿ. ‘ವಂದೇ ಮೀನಾಕ್ಷಿ’ ನೊಟ್ಟುಸ್ವರ ಕಲಿತವರು ಐರ್ಲೆಂಡಿನ ಮ್ಯಾಲೋ ಊರಿನ ಹೆಸರು ಹೊತ್ತ ಕುಣಿತದ ಮಟ್ಟೊಂದನ್ನು ಆಗಲೇ ನುಡಿಸಿದ್ದೀರಿ. ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಆ ಮಟ್ಟಿಗೆ ಮುತ್ತುಸ್ವಾಮಿ ದೀಕ್ಷಿತರು (1775–1835) ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು.

ರೀಲ್ ಸ್ಕಾಟ್ಲೆಂಡಿನಿಂದ 18ನೇ ಶತಮಾನದಲ್ಲಿ ಐರ್ಲೆಂಡಿಗೆ ಹೋಗಿ ಅಲ್ಲಿಯದೇ ಆಯಿತು. ಸಾಮಾನ್ಯವಾಗಿ ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ ನುಡಿಸುವುದು. ನಮ್ಮ ಲೆಕ್ಕದಲ್ಲಿ ಒಂದು ಭಾಗಕ್ಕೆ ಆದಿತಾಳದ 4 ಆವರ್ತ, ಅಕ್ಷರಕ್ಕೆ ಎರಡು ಸ್ವರ. ಎಷ್ಟೋ ರೀಲುಗಳ ಸ್ವರಗಳು ಖರಹರಪ್ರಿಯದವೇ. ಸ್ವರ ಹಿಡಿಯುವುದು ನಿಮಗೆ ಕಷ್ಟವಾಗದು.

ಕಷ್ಟ ಇರುವುದು ನಡೆಯಲ್ಲಿ. ಬೀರಪ್ಪನ ಜಾತ್ರೆಯ ಡೊಳ್ಳು ನೋಡಿ ಬೆಳೆದವರು ನೀವು. ಬಲಗೈ ಕೋಲು, ಎಡ ಅಂಗೈ, ಹೆಜ್ಜೆ ಮೂರೂ ಒಂದಾಗದಿದ್ದರೆ ಕುಣಿತ ಕೆಡುತ್ತದೆ. ರೀಲ್ ಕೂಡ ಹಾಗೆಯೇ, ಕುಣಿಯುವವರ ಪಾದಕ್ಕೆಂದು ಕಟ್ಟಿದ್ದು. ಆದ್ದರಿಂದ ವೇಗದ ಹುಚ್ಚು ಬೇಡ. ಕಾಲಿನಿಂದ ತಾಳ ತಟ್ಟುತ್ತಾ ನಿಧಾನವಾಗಿ ಶುರುಮಾಡಿ. ಆ ತಟ್ಟು ಅಲುಗಾಡಿದರೆ ನಿಲ್ಲಿಸಿ ಮತ್ತೆ ಹಿಡಿಯಿರಿ. ಗಮಕ ಹಾಕುವ ಬೆರಳಿನ ಅಭ್ಯಾಸವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅಲ್ಲಿಯ ಅಲಂಕಾರ ‘ರೋಲ್’: ಒಂದು ಸ್ವರದಲ್ಲಿದ್ದುಕೊಂಡೇ ಮೇಲಿನದನ್ನೊಮ್ಮೆ, ಕೆಳಗಿನದನ್ನೊಮ್ಮೆ ಮಿಂಚಿನಂತೆ ತಟ್ಟಿ ಬರುವುದು. ಅದನ್ನು ತೂಗಿಸಿದರೆ ಕೆಟ್ಟಿತು. ಕಮಾನನ್ನು ಚಿಕ್ಕದಾಗಿ ಎಳೆಯಿರಿ, ತಾಳದ ಗೆರೆ ದಾಟಿಸಿ ಎರಡು ಸ್ವರ ಕೂಡಿಸಿ. ಲವಲವಿಕೆ ಅಲ್ಲಿಂದಲೇ ಬರುತ್ತದೆ. ಶ್ರುತಿಯನ್ನೂ ಬದಲಿಸಬೇಕು: ನಮ್ಮ ಸ-ಪ-ಸ-ಪ ಅಲ್ಲ, ತಂತಿಯಿಂದ ತಂತಿಗೆ ಪಂಚಮದ ಅಂತರ.

ಷಿಕಾಗೋ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಓನೀಲ್ 1907ರಲ್ಲಿ 1001 ಐರಿಷ್ ಕುಣಿತದ ಮಟ್ಟುಗಳನ್ನು ಅಚ್ಚು ಹಾಕಿಸಿದ. ದೊಡ್ಡ ಉಪಕಾರ. ಆದರೂ ಪುಸ್ತಕದಲ್ಲಿ ಸಿಗುವುದು ಎಲುಬುಗೂಡು. ಐರ್ಲೆಂಡಿನ ಸ್ಲೈಗೋದ ಪಿಟೀಲುಗಾರ ಮೈಕೆಲ್ ಕೋಲ್ಮನ್ ನ್ಯೂಯಾರ್ಕಿನಲ್ಲಿ ಕೊಟ್ಟ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿ, ಕೇಳಿ, ಬಾಯಲ್ಲಿ ಹಾಡಿಕೊಂಡು ಆಮೇಲೆ ಪಿಟೀಲು ಎತ್ತಿ.

ಹೊಸ ರೀಲ್ ಕಟ್ಟುವ ಧೈರ್ಯವೂ ಮಾಡಿ. ಐರ್ಲೆಂಡಿನಿಂದ ಫಿಲಡೆಲ್ಫಿಯಾಕ್ಕೆ ವಲಸೆ ಹೋಗಿ ಕೊಳಾಯಿ ಕೆಲಸ ಮಾಡಿಕೊಂಡಿದ್ದ ಎಡ್ ರೀವಿ ಹಾಗೆ ಕಟ್ಟಿದವನು. ಅವನ ‘ಹಂಟರ್ಸ್ ಹೌಸ್’ ಅನ್ನು ಹಳೆಯ ಮಟ್ಟುಗಳ ಜೊತೆಗೇ ನುಡಿಸುತ್ತಾರೆ. ಆದರೆ ಮೊದಲು ಹತ್ತಾರು ಹಳೆಯವು ಕೈಗೆ ಬರಲಿ. ನೀವು ಕಟ್ಟಿದ್ದನ್ನು ಬರೆದುಕೊಡದೆ ಗೆಳೆಯರಿಗೆ ನುಡಿಸಿಯೇ ಕಲಿಸಿ, ಅವರು ಒಂದೆರಡು ಸ್ವರ ಬದಲಿಸಿದರೆ ತಡೆಯಬೇಡಿ.