ಸೈಕಲ್ ಪಯಣ ಮತ್ತು ಅರ್ಧಬಲ

ಹುಬ್ಬಳ್ಳಿಯ ಹೊರವಲಯದಿಂದ ಗೋಕುಲ ರಸ್ತೆಯ ಕಾರ್ಖಾನೆಗಳಿಗೆ ನಿತ್ಯ ಸೈಕಲ್ ತುಳಿದು ಹೋಗುವವರಿಗೆ ಬೇರೆ ವ್ಯಾಯಾಮ ಬೇಕಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಅದಕ್ಕೂ ಮಿತಿಯುಂಟು. ವ್ಯಾಯಾಮವು ಅರ್ಧಬಲವನ್ನು ಮೀರಬಾರದೆನ್ನುತ್ತದೆ ಆಯುರ್ವೇದ. ಉಸಿರು ಬಾಯಿಗೆ ಬರುವುದೇ ಅರ್ಧಬಲದ ಲಕ್ಷಣವೆಂದು ಸುಶ್ರುತಸಂಹಿತೆ ತಿಳಿಸುತ್ತದೆ. ಏರುದಾರಿಯಲ್ಲಿ ಹಾಗಾದರೆ ಕೆಳಗಿಳಿದು, ಸೈಕಲ್ ತಳ್ಳುತ್ತ ನಡೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಹೊಟ್ಟೆ ತುಂಬ ಉಂಡೊಡನೆ ತುಳಿಯುವುದು ಸಲ್ಲದು. ಬೇಸಿಗೆಯಲ್ಲಿ ಅರ್ಧಬಲಕ್ಕಿಂತಲೂ ಕಡಿಮೆ ಶ್ರಮವೇ ಹಿತ. ಆದ್ದರಿಂದ ಬಿಸಿಲೇರುವ ಮುನ್ನ ಹೊರಡಿರಿ.

ದಾರಿಯಲ್ಲಿ ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹರಡಿದರೆ, ಅದನ್ನು ವಾಯುವೆಂದು ಬಗೆದು ಮುಂದೆ ಸಾಗಬಾರದು. ಅಲ್ಲಿಯೇ ಕುಳಿತು, ಕೂಡಲೇ 108ಕ್ಕೆ ಕರೆ ಮಾಡಬೇಕು. ಕೆಲಸದ ಹಾಜರಿ ತಪ್ಪಿದರೆ ಒಂದು ದಿನದ ಕೂಲಿ ಹೋದೀತು. ಈ ಸೂಚನೆಯನ್ನು ಕಡೆಗಣಿಸಿದರೆ ಮನೆಯ ಆಧಾರವೇ ಹೋದೀತೆಂದು ನಾವು ಒತ್ತಿ ಹೇಳುತ್ತೇವೆ.