ಅರವತ್ತರ ನಂತರ ಹತ್ತು ಕಿಲೋಮೀಟರ್

ವಯಸ್ಸಾದವರು ಈಜುಕೊಳದಲ್ಲಿ ಐದು, ಹತ್ತು ಕಿಲೋಮೀಟರ್ ಈಜಲು ಹೊರಟರೆ ಜನ ಎರಡು ಮಾತು ಆಡುತ್ತಾರೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎನ್ನುವುದು ಒಂದು. ಅಷ್ಟು ಕಸುವಿದ್ದರೆ ಸಮುದ್ರಕ್ಕೆ ಇಳಿಯಲಿ, ಕೊಳದಲ್ಲಿ ಅತ್ತಿಂದಿತ್ತ ಓಡಾಡುವುದು ಯಾವ ಸಾಹಸ ಎನ್ನುವುದು ಇನ್ನೊಂದು. ಅರವತ್ತು ದಾಟಿದ ಹವ್ಯಾಸಿಗಳ ಜೊತೆ ಬಹುಕಾಲ ದೂರದ ಈಜನ್ನು ಅಭ್ಯಾಸ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಬೇರೆಯೇ. ನಮ್ಮ ವಯಸ್ಸಿನವರ ಅತಿ ದೂರದ ಈಜಿಗೆ ಕೊಳವೇ ತಕ್ಕ ಜಾಗ. ದೇಹ ಯಾವ ಹಂತದಲ್ಲಿ ಸೋಲತೊಡಗಿತು ಎಂಬುದು ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ, ಸಿಕ್ಕ ಕೂಡಲೇ ನಿಲ್ಲಿಸಲೂ ಬರುತ್ತದೆ. ಒಟ್ಟು ಎಷ್ಟು ಕಿಲೋಮೀಟರ್ ಎಂದು ಕೇಳುವ ಮೊದಲು ವೇಗ ಎಷ್ಟು ಸಮನಾಗಿ ಉಳಿಯಿತು ಎಂದು ಕೇಳಬೇಕು.

ಜಪಾನಿನ ಮಿಯೆಕೊ ನಗಾವೊಕಾ ಅವರನ್ನೇ ನೋಡಿ. ಮಂಡಿಯ ತೊಂದರೆಗೆ ವ್ಯಾಯಾಮವೆಂದು ಅವರು ನೀರಿಗಿಳಿದದ್ದೇ ಎಂಬತ್ತರ ಸುಮಾರಿಗೆ. 2015ರ ಏಪ್ರಿಲ್‌ನಲ್ಲಿ, ನೂರರ ವಯಸ್ಸಿನಲ್ಲಿ, ಮತ್ಸುಯಾಮಾದ 25 ಮೀಟರ್ ಕೊಳದಲ್ಲಿ 1500 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯನ್ನು 1 ಗಂಟೆ 15 ನಿಮಿಷ 54 ಸೆಕೆಂಡಿನಲ್ಲಿ ಮುಗಿಸಿದರು. ಫ್ರೀಸ್ಟೈಲ್‌ನಲ್ಲಿ ಯಾವ ಶೈಲಿಯನ್ನಾದರೂ ಬಳಸಬಹುದು. ಅವರು ಈಜಿದ್ದು ಬ್ಯಾಕ್‌ಸ್ಟ್ರೋಕ್. 60 ಲೆಂಗ್ತ್, ಸರಾಸರಿ ಒಂದೊಂದಕ್ಕೆ 76 ಸೆಕೆಂಡ್. ನನ್ನ ದೃಷ್ಟಿಯಲ್ಲಿ ಈ ಸಾಧನೆಯ ಅರ್ಧ ಭಾಗ ಆ ಆಯ್ಕೆಯಲ್ಲೇ ಇದೆ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಮುಖ ನೀರಿನ ಮೇಲೇ ಇರುತ್ತದೆ, ಬೇಕೆಂದಾಗ ಉಸಿರು ಸಿಗುತ್ತದೆ, ಪ್ರತಿ ಉಸಿರಿಗೂ ಕುತ್ತಿಗೆ ತಿರುಗಿಸುವ ಕೆಲಸವಿಲ್ಲ. ತನ್ನ ದೇಹ ಗಂಟೆಗಟ್ಟಲೆ ಯಾವುದನ್ನು ತಾಳುತ್ತದೆ ಎಂದು ತಿಳಿದವರು ಮಾಡುವ ಆಯ್ಕೆ ಅದು.

ಸಮನಾದ ವೇಗಕ್ಕೆ ನಾನು ಇಷ್ಟು ಒತ್ತು ಕೊಡಲು ಭುಜ ಕಾರಣ. ಕ್ರಾಲ್ ಈಜುವವರಲ್ಲಿ ದಣಿವು ಮೊದಲು ಮೊಣಕೈಯಲ್ಲಿ ಕಾಣಿಸುತ್ತದೆ. ನೀರೊಳಗೆ ಎತ್ತರದಲ್ಲಿರಬೇಕಾದ ಮೊಣಕೈ ಕುಸಿಯುತ್ತದೆ, ಅಂಗೈ ನೀರನ್ನು ಹಿಂದಕ್ಕೆ ತಳ್ಳುವುದನ್ನು ಬಿಟ್ಟು ಕೆಳಕ್ಕೆ ಒತ್ತುತ್ತದೆ, ಮುಂದೆ ಚಾಚಿದ ಕೈ ತಲೆಯ ಎದುರಿನ ನಡುಗೆರೆಯನ್ನು ದಾಟಿ ಆಚೆ ಬದಿಗೆ ಬೀಳುತ್ತದೆ. 25 ಮೀಟರಿಗೆ 22 ಸಲ ಕೈ ಬೀಸುತ್ತಿದ್ದವರು 25 ಸಲ ಬೀಸತೊಡಗುತ್ತಾರೆ. ಹತ್ತು ಕಿಲೋಮೀಟರ್ ಎಂದರೆ 400 ಲೆಂಗ್ತ್. 22ರ ಲೆಕ್ಕದಲ್ಲಿ 8,800 ಬೀಸು, 25ರ ಲೆಕ್ಕದಲ್ಲಿ 10,000. ಹೆಚ್ಚಾದ ಈ ಬೀಸುಗಳೆಲ್ಲ ಕೆಟ್ಟ ಭಂಗಿಯವು. ಭುಜದ ಕೀಲನ್ನು ಹಿಡಿದಿರುವ ಸ್ನಾಯುರಜ್ಜುಗಳು ವಯಸ್ಸಾದಂತೆ ಸವೆದಿರುತ್ತವೆ, ಬೇಗ ಮಾಗುವುದೂ ಇಲ್ಲ. ಆದ್ದರಿಂದ ಕೊಳದ ಅಂಚಿನಲ್ಲಿ ಒಬ್ಬರು ಹಾಳೆ ಹಿಡಿದು ಕೂತು ಪ್ರತಿ ನೂರು ಮೀಟರಿನ ಸಮಯ ಬರೆಯುವುದು ಬಹಳ ದೊಡ್ಡ ಕೆಲಸ. ನೂರು ಮೀಟರಿಗೆ 2 ನಿಮಿಷ 40 ಸೆಕೆಂಡ್ ಹಿಡಿದಿದ್ದವರು 2:50ಕ್ಕೆ, ಮತ್ತೆ 3:00ಕ್ಕೆ ಜಾರಿದರೆ ಭುಜ ನೋಯುವ ಮೊದಲೇ ಹಾಳೆ ಅದನ್ನು ಹೇಳುತ್ತದೆ. ಸಮುದ್ರದಲ್ಲಿ ಅಲೆ, ಸೆಳೆತಗಳ ನಡುವೆ ಈ ಸೂಚನೆ ಹೀಗೆ ಬಿಡಿಯಾಗಿ ಕಾಣುವುದೇ ಇಲ್ಲ.

ಅಮೆರಿಕದ ಮಾಸ್ಟರ್ಸ್, ಅಂದರೆ ವಯಸ್ಕ, ಈಜುಗಾರರ ಸಂಘ ಇದೇ ಆಧಾರದ ಮೇಲೆ ಸ್ಪರ್ಧೆಗಳನ್ನು ಕಟ್ಟಿದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಕೊಳದಲ್ಲೇ ಒಂದು ಗಂಟೆ ಈಜುತ್ತಾರೆ, ಇನ್ನೊಬ್ಬರು ಎಣಿಸಿ ಸಮಯ ಬರೆದುಕೊಳ್ಳುತ್ತಾರೆ, ಕ್ರಮಿಸಿದ ದೂರವನ್ನು ವಯೋಮಾನದ ಗುಂಪುಗಳಲ್ಲಿ ಹೋಲಿಸುತ್ತಾರೆ. ಹಿಂದೆ ಫಲಿತಾಂಶ ಅಂಚೆಯಲ್ಲಿ ಹೋಗುತ್ತಿತ್ತು. ಐದು ಮತ್ತು ಹತ್ತು ಕಿಲೋಮೀಟರಿಗೂ ಇಂಥದೇ ಸ್ಪರ್ಧೆಗಳಿವೆ. ಅವನ್ನು 50 ಮೀಟರ್ ಕೊಳದಲ್ಲೇ ಈಜಬೇಕು. ಟರ್ನ್‌ನಲ್ಲಿ ಗೋಡೆಯನ್ನು ಒದ್ದು ಬಿಟ್ಟಿಯಾಗಿ ದೂರ ಪಡೆಯುತ್ತಾರೆ ಎಂಬ ಆಕ್ಷೇಪಕ್ಕೆ ಈ ನಿಯಮದಲ್ಲೇ ಉತ್ತರವಿದೆ. ಒದೆತದಿಂದ ಲಾಭವಿರುವುದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ 25 ಮೀಟರ್ ಕೊಳದಲ್ಲಿ ಹತ್ತು ಕಿಲೋಮೀಟರಿಗೆ 399 ಟರ್ನ್ ಆಗುತ್ತವೆ. ಮೂರನೆಯ ಗಂಟೆಗೆ ಮೀನಖಂಡ ಹಿಡಿದುಕೊಂಡು ಎಷ್ಟೋ ಮಂದಿ ನಿಲ್ಲುವುದು ಆ ಒದೆತದಿಂದಲೇ. ವಯಸ್ಸಾದವರು ಮೆಲ್ಲಗೆ ಒದ್ದು, ಒದೆತದ ಲಾಭವನ್ನು ಬಿಟ್ಟುಕೊಟ್ಟು ಈಜುವುದೇ ಲೇಸು.

ಹೃದಯದ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ದಕ್ಷಿಣ ಆಫ್ರಿಕಾದ ಆಟೊ ಥಾನಿಂಗ್ 2014ರಲ್ಲಿ, 73ರ ವಯಸ್ಸಿನಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯನ್ನು 12 ಗಂಟೆ 52 ನಿಮಿಷದಲ್ಲಿ ದಾಟಿದರು. ವೃತ್ತಿಯಿಂದ ಅವರು ಹೃದಯ ಶಸ್ತ್ರಚಿಕಿತ್ಸಕರು. ಅವರನ್ನು ತೋರಿಸಿ ಭಯಬೇಡ ಎಂದುಬಿಡುವುದು ಸುಲಭ, ಆದರೆ ಅದು ಉತ್ತರವಾಗುವುದಿಲ್ಲ. ವರ್ಷಗಟ್ಟಲೆ ಕಠಿಣ ಸಹಿಷ್ಣುತಾ ಅಭ್ಯಾಸ ಮಾಡಿದವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಲಯ ತಪ್ಪುವ ತೊಂದರೆ, ಹೆಚ್ಚು ಕಾಣುತ್ತದೆ. ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯತ್ತ ತಳ್ಳುವುದರಿಂದ ಮೂತ್ರ ಹೆಚ್ಚುತ್ತದೆ. ಬೆವರು ನೀರಲ್ಲಿ ಕರಗಿ ಕಾಣದಾಗುತ್ತದೆ. ಬಾಯಾರಿಕೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಏರುವುದೇ ಕಡಿಮೆ, ಹಾಗಾಗಿ ಕೈಗಡಿಯಾರದ ಅಂಕಿಯನ್ನು ನಂಬಿ ಈಜುವಂತಿಲ್ಲ. ಈಜುವಾಗಲೇ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳುವ ಇನ್ನೊಂದು ಅಪಾಯವಿದೆ. ವಯಸ್ಸು, ಅಧಿಕ ರಕ್ತದೊತ್ತಡ, ತಣ್ಣೀರು ಅದನ್ನು ಹೆಚ್ಚಿಸುತ್ತವೆ. ಅಕಾರಣ ಕೆಮ್ಮು, ಏದುಸಿರು ಅದರ ಮೊದಲ ಗುರುತು. ಹಾಗಾದರೆ ಬಿಟ್ಟುಬಿಡಬೇಕೆ? ವೈದ್ಯರ ತಪಾಸಣೆಯಿಲ್ಲದೆ ಈ ದೂರಕ್ಕೆ ಯಾರೂ ಇಳಿಯಬಾರದು, ಕೆಲವರು ಬಿಡಲೇಬೇಕು. ಉಳಿದವರಿಗೆ ಕೊಳದ ಗೋಡೆ ಯಾವಾಗಲೂ ಕೆಲವೇ ಮೀಟರ್ ದೂರದಲ್ಲಿರುತ್ತದೆ. ಕೆಮ್ಮು ಬಂದರೆ ಹಿಡಿದು ನಿಲ್ಲಬಹುದು, ಕಾಲಕಾಲಕ್ಕೆ ಅಂಚಿನ ಬಾಟಲಿಯಿಂದ ಕುಡಿಯಬಹುದು, ಮೇಲೆ ಹತ್ತಲು ಏಣಿಯಿದೆ. ಕಡಲಿನ ಮಧ್ಯೆ ಇದಾವುದೂ ಇಲ್ಲ.

ನೀರಿನ ಬಿಸಿಯನ್ನು ಮಾತ್ರ ಕೊಳದವರೂ ಕಡೆಗಣಿಸುತ್ತಾರೆ, ನನಗೆ ಹೆಚ್ಚು ಕಳವಳ ಇದರದೇ. 2010ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಫುಜೈರಾದಲ್ಲಿ ನಡೆದ 10 ಕಿಲೋಮೀಟರ್ ಸ್ಪರ್ಧೆಯ ಬೆಚ್ಚನೆ ನೀರಿನಲ್ಲಿ ಅಮೆರಿಕದ ಫ್ರ್ಯಾನ್ ಕ್ರಿಪ್ಪೆನ್ ಸತ್ತಾಗ ಅವರಿಗೆ 26 ವರ್ಷ. ಆ ನಂತರ ತೆರೆದ ನೀರಿನ ಸ್ಪರ್ಧೆಗಳಿಗೆ 31 ಡಿಗ್ರಿಯ ಮಿತಿ ಬಂತು. ಕೊಳದ ಸ್ಪರ್ಧೆಗಳಿಗೆ 25ರಿಂದ 28 ಡಿಗ್ರಿ ವಾಡಿಕೆ. ನಮ್ಮ ಕರಾವಳಿಯ ಏಪ್ರಿಲ್ ಬಿಸಿಲಿನಲ್ಲಿ ತೆರೆದ ಕೊಳ ಅದನ್ನು ಮೀರುವುದು ಕಷ್ಟವಲ್ಲ. ಅಂಥ ದಿನ ಮೊದಲು ಉಷ್ಣತೆ ಅಳೆದು, ಹೆಚ್ಚಿದ್ದರೆ ದೂರದ ಈಜನ್ನು ಕೈಬಿಡಬೇಕು. ಇನ್ನು ನಮ್ಮ ಊರುಗಳ ಕೊಳಗಳಲ್ಲಿ ಒಂದು ಬ್ಯಾಚಿನ ಅವಧಿ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಒಂದು ಗಂಟೆಯ ಈಜು ಅದರಲ್ಲಿ ಹೇಗೋ ಹಿಡಿಸುತ್ತದೆ. ಹತ್ತು ಕಿಲೋಮೀಟರಿಗೆ ನೂರು ಮೀಟರನ್ನು ನೂರು ಸಲ, ಪ್ರತಿ ಮೂರು ನಿಮಿಷಕ್ಕೊಂದರಂತೆ ಈಜಿದರೂ ಐದು ಗಂಟೆ ಬೇಕು. ತಿಂಗಳಿಗೊಂದು ಭಾನುವಾರ ಒಂದು ಲೇನ್, ಒಬ್ಬ ಲೈಫ್‌ಗಾರ್ಡ್, ಬರೆದುಕೊಳ್ಳುವವರಿಗೆ ನೆರಳಲ್ಲಿ ಒಂದು ಕುರ್ಚಿ ಕೊಡಿ ಎಂದು ಕೊಳ ನಡೆಸುವವರನ್ನು ನಾನು ಕೇಳುತ್ತಲೇ ಇದ್ದೇನೆ.